ಮೊದಲು ಬಾಗಿಲು ತಟ್ಟಿ, ಆಮೇಲೆ ನೋಟಿಸ್: ಅಪಾರ್ಟ್‌ಮೆಂಟ್ ಜಗಳ ಬಗೆಹರಿಸುವ ಬಗೆ

ಕೆಲವು ವರ್ಷ ನಾನು ನಮ್ಮ ಅಪಾರ್ಟ್‌ಮೆಂಟ್ ಕಮಿಟಿಯಲ್ಲಿದ್ದೆ. ಆಗ ಬಂದ ಮೊದಲ ದೂರು ಈಗಲೂ ನೆನಪಿದೆ. ಮೇಲಿನ ಮನೆಯವರು ದಿನಾ ಬೆಳಗಿನ ಜಾವ ಗೋಡೆಗೆ ಏನನ್ನೋ ಬಡಿಯುತ್ತಾರೆ, ನಿದ್ದೆ ಇಲ್ಲ, ಅವರಿಗೆ ದಂಡ ಹಾಕಿ ಅಂತ ಕೆಳಗಿನ ಮನೆಯವರು ಬರೆದು ಕೊಟ್ಟಿದ್ದರು. ನಾವು ಹೊಸಬರು, ಉತ್ಸಾಹ ಜಾಸ್ತಿ. ಅದೇ ದಿನ ನೋಟಿಸ್ ಕಳಿಸಿಬಿಟ್ಟೆವು. ನೋಡಿದರೆ ಮೇಲಿನ ಮನೆಯವರು ಆ ವಾರ ಊರಲ್ಲೇ ಇರಲಿಲ್ಲ. ಶಬ್ದ ಬರುತ್ತಿದ್ದದ್ದು ನೀರಿನ ಪೈಪಿನಿಂದ. ಪೈಪಿನಲ್ಲಿ ಜೋರಾಗಿ ಹರಿಯುವ ನೀರನ್ನು ವಾಲ್ವ್ ಥಟ್ಟನೆ ತಡೆದಾಗ ಅದು ಪೈಪಿಗೇ ಗುದ್ದುತ್ತದೆ, ಇದಕ್ಕೆ ವಾಟರ್ ಹ್ಯಾಮರ್ ಅನ್ನುತ್ತಾರೆ. ಸಡಿಲವಾಗಿದ್ದ ಪೈಪಿಗೆ ಕ್ಲ್ಯಾಂಪ್ ಹಾಕಿ ಬಿಗಿದ ಮೇಲೆ ಶಬ್ದ ನಿಂತಿತು. ಆದರೆ ಆ ಎರಡು ಮನೆಯವರು ಮತ್ತೆ ಮಾತಾಡಲು ತಿಂಗಳುಗಳೇ ಹಿಡಿದವು. ಅದಕ್ಕೆ ಕಾರಣ ಪೈಪ್ ಅಲ್ಲ, ನಾವು ಕಳಿಸಿದ ನೋಟಿಸ್.

ಅಂದಿನಿಂದ ಎರಡು ವಿಷಯ ಬಿಡದೆ ಹಿಡಿದುಕೊಂಡಿದ್ದೇನೆ. ಏನಾಗಿದೆ ಅಂತ ಗೊತ್ತಾಗುವ ಮುಂಚೆ ನಿಯಮದ ಪುಸ್ತಕ ತೆರೆಯಬಾರದು. ತೆರೆದ ಮೇಲೆ ಅಧ್ಯಕ್ಷರ ಮನೆಗೂ ಬಾಡಿಗೆಯವರ ಮನೆಗೂ ಒಂದೇ ದಾರಿಯಲ್ಲಿ ನಡೆಯಬೇಕು. ಕಮಿಟಿಯಲ್ಲಿ ಇರುವವರಿಗೂ, ಪಕ್ಕದ ಮನೆಯ ಕಾಟದಿಂದ ಬೇಸತ್ತವರಿಗೂ ಆ ದಾರಿ ಹೇಗಿರಬೇಕು ಅಂತ ಇಲ್ಲಿ ಬರೆದಿದ್ದೇನೆ.

ಇದು ಯಾರ ಕೆಲಸ?

ದೂರು ಬಂದ ಕೂಡಲೇ ಇದನ್ನು ಕೇಳಿಕೊಳ್ಳಿ. ಇಲ್ಲಿ ಯಾವುದಾದರೂ ನಿಯಮ ಮುರಿದಿದೆಯಾ? ಮುರಿದಿದ್ದರೆ ಅದು ಅಸೋಸಿಯೇಷನ್ ಕೈಗೆ ಬರುವ ನಿಯಮವಾ? ಇಲ್ಲ, ಇಬ್ಬರು ಪಕ್ಕದ ಮನೆಯವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ, ಅಷ್ಟೇನಾ?

ಲಿಫ್ಟಿನಲ್ಲಿ ನಮಸ್ಕಾರ ಹೇಳಲಿಲ್ಲ, ಮಗು ಜೋರಾಗಿ ಅಳುತ್ತದೆ, ಅವರ ಅಡುಗೆಯ ವಾಸನೆ ಹಿಡಿಸುವುದಿಲ್ಲ. ಇಂಥವಕ್ಕೆ ಕಮಿಟಿ ಕೈ ಹಾಕಬಾರದು. ಹಾಕಿದರೆ ಎಲ್ಲ ಮನೆಯ ಒಳಗಿನ ವಿಷಯವೂ ನಿಮ್ಮ ಮೇಜಿಗೆ ಬರುತ್ತದೆ. ಇನ್ನು ಕೆಲವು ವಿಷಯ ಕಮಿಟಿಯ ಅಳತೆಗೆ ಮೀರಿದ್ದು. ಮನೆಯೊಳಗೆ ಹೊಡೆತ, ಬೆದರಿಕೆ, ಯಾರಿಗಾದರೂ ಜೀವಭಯ ಇದ್ದರೆ ನೇರ ಪೊಲೀಸರಿಗೆ ಹೇಳಿ, ಸಭೆ ಸೇರಿ ಚರ್ಚೆ ಮಾಡುತ್ತಾ ಕೂರಬೇಡಿ. ಮರೆವಿನ ಕಾಯಿಲೆ ಇರುವ ಹಿರಿಯರೊಬ್ಬರು ನಲ್ಲಿ ತೆರೆದಿಟ್ಟು ಮರೆಯುತ್ತಾರೆ, ಕೆಳಗಿನ ಮನೆಗೆ ನೀರು ನುಗ್ಗುತ್ತದೆ ಅಂದರೆ ಅವರಿಗೆ ನೋಟಿಸ್ ಕೊಟ್ಟು ಏನು ಪ್ರಯೋಜನ? ಅವರ ಮಕ್ಕಳಿಗೋ ಹತ್ತಿರದವರಿಗೋ ಫೋನ್ ಮಾಡಿ.

ಕಾಗದಪತ್ರ ಓದಿ, ಯಾವುದು ಮೇಲು ಅಂತ ತಿಳಿದುಕೊಳ್ಳಿ

ಎಲ್ಲಕ್ಕಿಂತ ಮೇಲೆ ನಿಮ್ಮ ಕಡೆಯ ಕಾನೂನು. ಅದರ ಕೆಳಗೆ ಕಟ್ಟಡದ ನೋಂದಾಯಿತ ಘೋಷಣಾ ಪತ್ರ, ಯಾವುದು ಮನೆಯವರದ್ದು, ಯಾವುದು ಎಲ್ಲರದ್ದು ಅಂತ ಹೇಳುವ ಮೂಲ ದಾಖಲೆ ಅದು. ಆಮೇಲೆ ಬೈಲಾ, ಅಂದರೆ ಅಸೋಸಿಯೇಷನ್ ನಡೆಯುವ ನಿಯಮಾವಳಿ. ಕೊನೆಗೆ ಕಮಿಟಿ ಆಗಾಗ ಮಾಡುವ ಸಣ್ಣ ನಿಯಮಗಳು. ಕೆಳಗಿನದ್ದು ಮೇಲಿನದ್ದಕ್ಕೆ ತಿರುಗಿ ಬೀಳುವ ಹಾಗಿಲ್ಲ. ಘೋಷಣಾ ಪತ್ರ ಕೊಟ್ಟಿರುವ ಹಕ್ಕನ್ನು ನೋಟಿಸ್ ಬೋರ್ಡಿನ ಒಂದು ಹಾಳೆ ಕಿತ್ತುಕೊಳ್ಳಲಾರದು.

ಈ ವ್ಯತ್ಯಾಸ ಯಾಕೆ ಮುಖ್ಯ ಅನ್ನುವುದಕ್ಕೆ ಅಮೆರಿಕದ ಫ್ಲೋರಿಡಾದ ಒಂದು ಪ್ರಕರಣ ಇದೆ, 1981ರದ್ದು. ಮನೆಯ ಮಾಲೀಕರೊಬ್ಬರು ತಮ್ಮ ಜಾಗದಲ್ಲಿ ಬಾವಿ ತೋಡಲು ಅನುಮತಿ ಕೇಳಿದರು. ಕಮಿಟಿ ಬೇಡ ಅಂತು. ಬೇರೆ ಬಾವಿಗಳ ನೀರು ಉಪ್ಪಾಗುತ್ತದೆ, ಕಾಲುದಾರಿಗೆ ಕಲೆ ಬೀಳುತ್ತದೆ, ಇವರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಅನ್ನುವುದು ಕಮಿಟಿಯ ಕಾರಣ. ಮೇಲ್ಮನವಿ ನ್ಯಾಯಾಲಯ ಕಮಿಟಿಯ ಮಾತು ಒಪ್ಪಲಿಲ್ಲ. ಘೋಷಣಾ ಪತ್ರದಲ್ಲೇ ಬರೆದ ನಿರ್ಬಂಧಕ್ಕೆ ಬಲ ಜಾಸ್ತಿ, ಯಾಕೆಂದರೆ ಮನೆ ಕೊಳ್ಳುವವರು ಅದನ್ನು ತಿಳಿದೇ ಕೊಂಡಿರುತ್ತಾರೆ. ಕಮಿಟಿ ತಾನಾಗಿ ಮಾಡುವ ತೀರ್ಮಾನ ಹಾಗಲ್ಲ, ಅದು ಸಮಂಜಸವಾಗಿದೆ ಅಂತ ತೋರಿಸಬೇಕು. ಬಾವಿಯಿಂದ ಹೀಗೆಲ್ಲ ಆಗುತ್ತದೆ ಅಂತ ಆ ಕಮಿಟಿ ತೋರಿಸಿರಲಿಲ್ಲ. ಬೇರೆ ದೇಶದ ತೀರ್ಪು ನಿಮ್ಮ ಕಟ್ಟಡಕ್ಕೆ ಅನ್ವಯಿಸುವುದಿಲ್ಲ, ನಿಜ. ಆದರೆ ಬೇಡ ಅನ್ನುವ ಮುಂಚೆ ಕಾರಣ ಕೈಯಲ್ಲಿರಬೇಕು ಅನ್ನುವುದು ಎಲ್ಲಿದ್ದರೂ ಒಳ್ಳೆಯ ಅಭ್ಯಾಸ.

ಹೊಸ ನಿಯಮ ಬರೆಯುವಾಗ ಯಾವ ತೊಂದರೆ ತಪ್ಪಿಸಬೇಕೋ ಅದನ್ನೇ ಬರೆಯಿರಿ. ನಾಯಿ ಸಾಕಬಾರದು ಅಂತ ಒಂದೇ ಸಾಲು ಬರೆಯುವುದು ಸುಲಭ. ಆದರೆ ನಿಮಗೆ ಬೇಡವಾಗಿರುವುದು ನಾಯಿಯಾ, ಅಥವಾ ರಾತ್ರಿಯ ಬೊಗಳಾಟ, ಲಿಫ್ಟಿನಲ್ಲಿ ಗಲೀಜು, ಹಗ್ಗ ಇಲ್ಲದೆ ಓಡಾಡಿಸುವುದಾ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಸಿಡ್ನಿಯ ಒಂದು ದೊಡ್ಡ ಕಟ್ಟಡದ ಪ್ರಾಣಿ ನಿಷೇಧವನ್ನೇ ತೆಗೆದುಹಾಕಿತು. ಬೇರೆ ಯಾರಿಗೂ ತೊಂದರೆ ಕೊಡದ ಪ್ರಾಣಿಯನ್ನೂ ಸಾರಾಸಗಟಾಗಿ ನಿಷೇಧಿಸುವುದು ದಬ್ಬಾಳಿಕೆ ಅನ್ನುವುದು ಅಲ್ಲಿನ ತರ್ಕ. ಮರುವರ್ಷ ಆ ರಾಜ್ಯ ಕಾನೂನನ್ನೇ ಬದಲಿಸಿ, ಸಮಂಜಸ ಕಾರಣ ಇಲ್ಲದೆ ಸಾಕುಪ್ರಾಣಿಗೆ ಅನುಮತಿ ನಿರಾಕರಿಸುವ ಹಾಗಿಲ್ಲ ಅಂತ ಮಾಡಿತು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬೊಗಳಾಟ ಪಕ್ಕದ ಮನೆಗೆ ಕೇಳಬಾರದು, ಎಲ್ಲರೂ ಬಳಸುವ ಜಾಗದಲ್ಲಿ ಹಗ್ಗ ಇರಬೇಕು, ಗಲೀಜನ್ನು ಸಾಕಿದವರೇ ತೆಗೆಯಬೇಕು. ಹೀಗೆ ಬರೆದ ನಿಯಮಕ್ಕೆ ನಾಯಿ ಸಾಕುವವರೂ ಕೈ ಎತ್ತುತ್ತಾರೆ.

ಬಾಗಿಲು ತಟ್ಟುವುದು

ನನ್ನ ಅನುಭವದಲ್ಲಿ ಬಹಳಷ್ಟು ದೂರು ಇಲ್ಲೇ ಮುಗಿಯುತ್ತವೆ, ಯಾಕೆಂದರೆ ತೊಂದರೆ ಕೊಡುತ್ತಿರುವವರಿಗೆ ತಾವು ತೊಂದರೆ ಕೊಡುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ.

ಸಿಟ್ಟು ನೆತ್ತಿಗೇರಿದಾಗ ಹೋಗಬೇಡಿ. ಶಬ್ದ ಆಗುತ್ತಿರುವಾಗಲೇ ರಾತ್ರಿ 11 ಗಂಟೆಗೆ ಹೋಗಿ ಬಾಗಿಲು ಬಡಿದರೆ ಒಳಗಿನವರಿಗೂ ಸಿಟ್ಟು ಬರುತ್ತದೆ. ಮಾರನೇ ದಿನ ಸಂಜೆ ಒಬ್ಬರೇ ಹೋಗಿ. ನಾಲ್ಕು ಜನ ಕಟ್ಟಿಕೊಂಡು ಹೋದರೆ ಅದು ಮಾತುಕತೆ ಆಗುವುದಿಲ್ಲ, ಮುತ್ತಿಗೆ ಆಗುತ್ತದೆ. ನಿಮಗೆ ಏನು ಆಗುತ್ತಿದೆ ಅನ್ನುವುದರಿಂದ ಮಾತು ಶುರು ಮಾಡಿ. "ನೀವು ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡುವುದಿಲ್ಲ" ಅಂದರೆ ಅಲ್ಲಿಗೆ ಮಾತು ಮುಗಿಯಿತು. "ನಾನು ಬೆಳಿಗ್ಗೆ 4ಕ್ಕೆ ಎದ್ದು ಕೆಲಸಕ್ಕೆ ಹೋಗುತ್ತೇನೆ, ರಾತ್ರಿ 10ರ ಮೇಲೆ ಮೇಲಿಂದ ಓಡಾಟ ಕೇಳಿಸುತ್ತದೆ, ನಿದ್ದೆ ಬರುವುದಿಲ್ಲ, ಏನಾದರೂ ಮಾಡಬಹುದಾ ನೋಡೋಣ ಅಂತ ಬಂದೆ" ಅಂದರೆ ಹೆಚ್ಚಿನವರು ಒಳಗೆ ಕರೆಯುತ್ತಾರೆ. ಆಗ ಅವರ ಕಡೆಯದ್ದೂ ಗೊತ್ತಾಗುತ್ತದೆ. ಅಪ್ಪ ಅಮ್ಮ ಇಬ್ಬರೂ ಕೆಲಸದಿಂದ ಬರುವುದೇ 9 ಗಂಟೆಗೆ, ಮಕ್ಕಳು ಅವರ ಜೊತೆ ಆಡುವುದೇ ಆ ಒಂದು ಗಂಟೆ, ಇಂಥದ್ದೇನೋ ಇರುತ್ತದೆ.

ಹೋಗಲು ಹೆದರಿಕೆ ಇದ್ದರೆ ಹೋಗಬೇಡಿ. ಕುಡಿದು ಜಗಳಕ್ಕೆ ನಿಲ್ಲುವವರು, ಹಿಂದೆ ಬೆದರಿಸಿದವರು ಆಗಿದ್ದರೆ ನೇರ ಕಮಿಟಿಗೆ ಬರೆಯಿರಿ.

ದಯವಿಟ್ಟು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಇದನ್ನು ಕೈ ಮುಗಿದು ಕೇಳುತ್ತೇನೆ. ಪಾರ್ಕಿಂಗ್‌ನಲ್ಲಿ ಅಡ್ಡ ನಿಂತ ಕಾರಿನ ಫೋಟೋ ಹಾಕಿ "ಇದು ಯಾರ ಗಾಡಿ" ಅಂತ ಕೇಳುವುದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಇನ್ನೂರು ಜನರ ಮುಂದೆ ತಲೆ ತಗ್ಗಿಸಬೇಕಾದವರು ತಪ್ಪು ಒಪ್ಪಿಕೊಳ್ಳುವುದು ಬಹಳ ಕಷ್ಟ. ಕಮಿಟಿಯವರು ಗುಂಪಿಗೆ ಒಂದೇ ನಿಯಮ ಮಾಡಿ: ಇಲ್ಲಿ ಪ್ರಕಟಣೆ ಮಾತ್ರ, ದೂರು ಈಮೇಲ್‌ಗೋ ದೂರಿನ ಪುಸ್ತಕಕ್ಕೋ ಬರಲಿ, ಮೂರು ದಿನದೊಳಗೆ ಉತ್ತರ ಕೊಡುತ್ತೇವೆ. ಹೇಳಿದ ಹಾಗೆ ಮೂರು ದಿನದಲ್ಲಿ ಉತ್ತರ ಕೊಡಿ. ಉತ್ತರ ಸಿಗದವರೇ ಕೊನೆಗೆ ಗುಂಪಿನಲ್ಲಿ ಕೂಗಾಡುವುದು.

ಸೆಕ್ಯೂರಿಟಿಯವರನ್ನು ನಡುವೆ ನೂಕಬೇಡಿ. "ಹೋಗಿ ಅವರಿಗೆ ಹೇಳು" ಅಂತ ಒಬ್ಬ ಕಾವಲುಗಾರನನ್ನು ಕಳಿಸಿ, ಅವರು ಅವನಿಗೇ ಬೈದು, ಕೊನೆಗೆ ಅವನ ಕೆಲಸಕ್ಕೆ ಕುತ್ತು ಬಂದರೆ ಅದರ ಹೊಣೆ ಕಮಿಟಿಯದ್ದು. ನೋಡಿದ್ದನ್ನು ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ, ಬುದ್ಧಿ ಹೇಳುವುದು ಅಲ್ಲ.

ಶಬ್ದದ ಜಗಳ

ಶಬ್ದ ಎರಡು ಥರ. ಮಾತು, ಟಿವಿ, ಹಾಡು ಗಾಳಿಯಲ್ಲಿ ಬರುತ್ತವೆ. ಹೆಜ್ಜೆ, ಕುರ್ಚಿ ಎಳೆತ, ವಾಷಿಂಗ್ ಮಷೀನ್ ನಡುಕ ಕಾಂಕ್ರೀಟಿನ ಮೂಲಕ ಬರುತ್ತವೆ. ಎರಡನೆಯದ್ದು ಮೋಸದ್ದು. ತೊಲೆ, ಕಂಬ, ಗೋಡೆ ಹಿಡಿದು ಅದು ಎಲ್ಲಿಂದ ಎಲ್ಲಿಗೋ ಹೋಗುತ್ತದೆ, ಹಾಗಾಗಿ ತಲೆ ಮೇಲೆ ಕೇಳಿಸಿದ್ದು ಸರಿಯಾಗಿ ಮೇಲಿನ ಮನೆಯದ್ದೇ ಅಂತ ಹೇಳಲು ಬರುವುದಿಲ್ಲ. ಓರೆಯಲ್ಲಿರುವ ಮನೆಯದ್ದೋ ಎರಡು ಮಹಡಿ ಆಚೆಯದ್ದೋ ಆಗಿರಬಹುದು. ನಮ್ಮ ಹಾಗೆ ಪೈಪಿನದ್ದೂ ಆಗಿರಬಹುದು.

ಆದ್ದರಿಂದ ದೂರು ಕೊಡುವವರಿಗೆ ಎರಡು ವಾರ ಬರೆದಿಡಲು ಹೇಳಿ. ತಾರೀಕು, ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ಯಾವ ಕೋಣೆಯಲ್ಲಿ ಕೇಳಿತು, ಯಾವ ಥರದ ಶಬ್ದ. "ಯಾವಾಗಲೂ ಗಲಾಟೆ" ಅನ್ನುವ ದೂರಿನಿಂದ ಯಾರಿಗೂ ಏನೂ ಮಾಡಲು ಆಗುವುದಿಲ್ಲ. "14 ದಿನದಲ್ಲಿ 9 ದಿನ, ರಾತ್ರಿ 11ರಿಂದ 12ರ ನಡುವೆ, ಮಲಗುವ ಕೋಣೆಯಲ್ಲಿ, ಒಂದೇ ಸಮ ಗುಂಯ್‌ಗುಡುವ ಶಬ್ದ" ಅಂದರೆ ಅದು ವಾಷಿಂಗ್ ಮಷೀನ್ ಇರಬಹುದು ಅಂತ ನೋಡಿದ ಕೂಡಲೇ ಹೊಳೆಯುತ್ತದೆ. ಕಮಿಟಿಯವರೊಬ್ಬರು, ಆ ಎರಡೂ ಮನೆಗೆ ಸಂಬಂಧ ಇಲ್ಲದವರು, ಒಂದು ದಿನ ಆ ಹೊತ್ತಿಗೆ ಹೋಗಿ ಕೂತು ಕೇಳಲಿ. ಫೋನಿನಲ್ಲಿ ಡೆಸಿಬೆಲ್ ಅಳೆದು ತಂದು ಸಾಕ್ಷಿ ಅಂದರೆ ಅದನ್ನು ಪೂರ್ತಿ ನಂಬಬೇಡಿ, ಫೋನಿಂದ ಫೋನಿಗೆ ಲೆಕ್ಕ ಬದಲಾಗುತ್ತದೆ, ಅದರಲ್ಲೂ ನೆಲದ ನಡುಕ ಅದರಲ್ಲಿ ಸರಿಯಾಗಿ ಸಿಗುವುದಿಲ್ಲ.

ಎಷ್ಟೋ ಸಲ ಪರಿಹಾರ ಬಹಳ ಚಿಕ್ಕದು. ಕುರ್ಚಿ ಮೇಜಿನ ಕಾಲಿಗೆ ಫೆಲ್ಟ್ ತುಂಡು. ಮಕ್ಕಳು ಆಡುವ ಜಾಗದಲ್ಲಿ ದಪ್ಪ ಜಮಖಾನ, ಅದರ ಕೆಳಗೆ ಫೋಮ್. ವಾಷಿಂಗ್ ಮಷೀನಿಗೆ ರಬ್ಬರ್ ಮ್ಯಾಟ್, ಜೊತೆಗೆ ಅದು ಸಮ ನಿಂತಿದೆಯಾ ಅಂತ ನೋಡುವುದು. ಸ್ಪೀಕರನ್ನು ಗೋಡೆಯಿಂದ ದೂರ ಇಡುವುದು. ಇನ್ನು ಮುಂದೆ ಯಾರಾದರೂ ನೆಲ ಕಿತ್ತು ಹೊಸದು ಹಾಕುವಾಗ ಕೆಳಗೆ ಶಬ್ದ ತಡೆಯುವ ಪದರ ಹಾಕಲೇಬೇಕು ಅಂತ ನಿಯಮ ಮಾಡಿ. ಹಾಕಿದ ಮೇಲೆ ಕಿತ್ತು ಸರಿಮಾಡಿ ಅನ್ನುವುದು ಯಾರಿಂದಲೂ ಆಗದ ಮಾತು.

ಒಂದು ಮಾತು ದೂರು ಕೊಡುವವರಿಗೂ ಹೇಳಬೇಕು. ಗೋಡೆ ಹಂಚಿಕೊಂಡು ಬದುಕುವಾಗ ಒಂದಿಷ್ಟು ಶಬ್ದ ಇದ್ದೇ ಇರುತ್ತದೆ. ಮಗು ನಡೆಯಲು ಕಲಿಯುವುದು, ಹಗಲಲ್ಲಿ ಪಾತ್ರೆ ಸದ್ದು, ಇವಕ್ಕೆಲ್ಲ ಪರಿಹಾರ ಇಲ್ಲ, ಇರಲೂಬಾರದು.

ನೀರು ಸೋರುವ ಜಗಳ

ಇಲ್ಲಿ ತಪ್ಪು ಯಾರದ್ದು ಅಂತ ಮೊದಲು ಹಠ ಹಿಡಿದರೆ, ತೀರ್ಮಾನ ಆಗುವುದರೊಳಗೆ ಚಾವಣಿ ಬಿದ್ದಿರುತ್ತದೆ. ಮೊದಲು ಸೋರುವುದನ್ನು ನಿಲ್ಲಿಸಿ, ಖರ್ಚಿನ ಲೆಕ್ಕ ಆಮೇಲೆ, ಅಂತ ಎರಡೂ ಮನೆಯವರಿಂದ ಬರೆಸಿಕೊಳ್ಳಿ.

ಸೋರುವ ರೀತಿಯೇ ಅರ್ಧ ಉತ್ತರ ಹೇಳುತ್ತದೆ. ಹಗಲು ರಾತ್ರಿ ಒಂದೇ ಸಮ ತೊಟ್ಟಿಕ್ಕಿದರೆ ಒತ್ತಡದಲ್ಲಿರುವ ನೀರಿನ ಪೈಪ್ ಇರಬಹುದು. ಮೇಲಿನ ಮನೆಯ ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿ, ಅದಿನ್ನೂ ತಿರುಗುತ್ತಿದ್ದರೆ ಪೈಪ್ ಒಡೆದಿರುವ ಸಾಧ್ಯತೆ ಇದೆ. ಸ್ನಾನ ಮಾಡಿದ ಮೇಲೆ ಮಾತ್ರ ಸೋರಿದರೆ ಕೊಳೆನೀರಿನ ಪೈಪೋ ಬಚ್ಚಲಿನ ನೆಲವೋ ಕೆಟ್ಟಿದೆ. ಮಳೆ ಬಂದಾಗ ಮಾತ್ರ ಆದರೆ ಹೊರಗೋಡೆಯನ್ನೋ ತಾರಸಿಯನ್ನೋ ನೋಡಿ, ಪಾಪ ಮೇಲಿನ ಮನೆಯವರನ್ನು ಬಿಟ್ಟುಬಿಡಿ. ಬಚ್ಚಲಿನ ನೆಲ ಪರೀಕ್ಷಿಸಲು ನೀರು ಹೋಗುವ ತೂತು ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, ಬಣ್ಣ ಬೆರೆಸಿ, 24 ಗಂಟೆ ಬಿಡಿ. ಕೆಳಗೆ ಅದೇ ಬಣ್ಣ ಇಳಿದರೆ ವಾದಕ್ಕೆ ಜಾಗವೇ ಇಲ್ಲ. ಎರಡೂ ಮನೆಯವರು ಎದುರಿಗಿದ್ದಾಗಲೇ ಈ ಪರೀಕ್ಷೆ ಮಾಡಿ, ಇಲ್ಲದಿದ್ದರೆ ಬಣ್ಣದ ಮೇಲೂ ಅನುಮಾನ ಬರುತ್ತದೆ.

ಖರ್ಚು ಯಾರದ್ದು ಅನ್ನುವುದಕ್ಕೆ ಘೋಷಣಾ ಪತ್ರ ನೋಡಿ. ಒಂದೇ ಮನೆಗೆ ಹೋಗುವ ಪೈಪ್ ಆ ಮನೆಯವರದ್ದು, ಹಲವು ಮನೆಗೆ ಹೋಗುವ ದೊಡ್ಡ ಪೈಪ್ ಎಲ್ಲರದ್ದು ಅಂತ ಸಾಮಾನ್ಯವಾಗಿ ಇರುತ್ತದೆ. ಆದರೆ ಸಾಮಾನ್ಯವಾಗಿ ಅನ್ನುವುದನ್ನು ನಂಬದೆ ಓದಿಯೇ ನೋಡಿ.

ಬರೆದು ಕೊಡುವುದು, ಕರೆದು ಕೇಳುವುದು

ಮಾತಿನಿಂದ ಆಗಲಿಲ್ಲ ಅಂದರೆ ಪತ್ರ. ಪತ್ರದಲ್ಲಿ ಏನು, ಎಲ್ಲಿ, ಯಾವಾಗ, ಯಾವ ನಿಯಮ, ಏನು ಮಾಡಬೇಕು, ಎಷ್ಟರೊಳಗೆ, ನಿಮ್ಮ ಮಾತು ಹೇಳಲು ಯಾವಾಗ ಬರಬಹುದು, ಇಷ್ಟು ಇರಲಿ. ಹೀಗೆ:

"ಈ ತಿಂಗಳ 4 ಮತ್ತು 9ರಂದು ಬೆಳಿಗ್ಗೆ ನಿಮ್ಮ ಬಾಲ್ಕನಿಯ ಗಿಡಗಳಿಗೆ ಹಾಕಿದ ನೀರು ಕೆಳಗಿನ ಮನೆಯ ಬಾಲ್ಕನಿಗೆ ಸುರಿದಿದೆ. ಫೋಟೋ ಜೊತೆಗಿದೆ. ನಿಯಮ 12ರಂತೆ ಕುಂಡಗಳ ಕೆಳಗೆ ತಟ್ಟೆ ಇರಬೇಕು. ದಯವಿಟ್ಟು 28ರೊಳಗೆ ತಟ್ಟೆ ಇಡಿ. ಈ ವಿಷಯದಲ್ಲಿ ನಿಮಗೆ ಹೇಳುವುದಿದ್ದರೆ 26ರಂದು ಸಂಜೆ 7ಕ್ಕೆ ಕಮಿಟಿ ಸೇರುತ್ತದೆ, ಬನ್ನಿ. ಬರಲಾಗದಿದ್ದರೆ ಬರೆದು ಕಳಿಸಿ."

ಇದರಲ್ಲಿ "ಎಷ್ಟು ಸಲ ಹೇಳಿದರೂ", "ಬೇಜವಾಬ್ದಾರಿ", "ಇನ್ನು ಮುಂದೆ ಸಹಿಸುವುದಿಲ್ಲ" ಅನ್ನುವ ಮಾತಿಲ್ಲ ನೋಡಿ. ಮುಂದೆ ಈ ಪತ್ರವನ್ನು ನ್ಯಾಯಾಧೀಶರೊಬ್ಬರು ಓದಬಹುದು ಅಂದುಕೊಂಡು ಬರೆಯಿರಿ. ಮನೆಯಲ್ಲಿ ಬಾಡಿಗೆಯವರು ಇದ್ದರೆ ಒಂದು ಪ್ರತಿ ಮಾಲೀಕರಿಗೂ ಹೋಗಲಿ.

ಪ್ರಾಣಕ್ಕೆ ಅಪಾಯ ಇರುವ ವಿಷಯಕ್ಕೆ ಈ ಗಡುವು ಬೇಡ. ಬೆಂಕಿ ಬಿದ್ದಾಗ ಓಡುವ ಮೆಟ್ಟಿಲಿಗೆ ಬೀರು ಅಡ್ಡ ಇಟ್ಟಿದ್ದರೆ, ಅವತ್ತೇ ಮಾತಾಡಿ ಅವತ್ತೇ ತೆಗೆಸಿ.

ದಂಡದ ಬಗ್ಗೆ. ಕಾನೂನಿನಲ್ಲೋ ಬೈಲಾದಲ್ಲೋ ದಂಡ ಹಾಕುವ ಅಧಿಕಾರ ಇಲ್ಲದಿದ್ದರೆ ಹಾಕಬೇಡಿ, ಅಷ್ಟೇ. ಇದ್ದರೆ ಫ್ಲೋರಿಡಾದ ಕಾನೂನಿನ ಕ್ರಮ ನನಗೆ ಬಹಳ ಹಿಡಿಸಿದೆ. ಅಲ್ಲಿ ಕನಿಷ್ಠ 14 ದಿನ ಮುಂಚೆ ಬರೆದು ತಿಳಿಸಬೇಕು. ಆಮೇಲೆ ಕಮಿಟಿಯಲ್ಲಿ ಇಲ್ಲದ, ಕಮಿಟಿಯವರ ಮನೆಯಲ್ಲೂ ವಾಸ ಇಲ್ಲದ ಬೇರೆ ಮಾಲೀಕರ ಗುಂಪೊಂದು ಎರಡೂ ಕಡೆ ಕೇಳುತ್ತದೆ. ಆ ಗುಂಪು ಒಪ್ಪದಿದ್ದರೆ ದಂಡ ಇಲ್ಲ. ಒಪ್ಪಿದರೂ ಒಂದು ತಪ್ಪಿಗೆ 100 ಡಾಲರ್ ಮೀರುವ ಹಾಗಿಲ್ಲ. ನಿಮ್ಮ ಕಾನೂನು ಕೇಳದಿದ್ದರೂ ಇಂಥದ್ದೊಂದು ಗುಂಪು ಮಾಡಿಕೊಳ್ಳಿ. ದೂರು ಕೊಟ್ಟವರು, ತನಿಖೆ ಮಾಡಿದವರು, ತೀರ್ಪು ಹೇಳಿದವರು ಎಲ್ಲ ಒಬ್ಬರೇ ಆಗಿದ್ದಾಗ ತೀರ್ಪು ಸರಿಯೇ ಇದ್ದರೂ ಯಾರೂ ನಂಬುವುದಿಲ್ಲ.

ನೀರು ನಿಲ್ಲಿಸುವುದು, ಕರೆಂಟ್ ತೆಗೆಯುವುದು, ಲಿಫ್ಟ್ ಬಳಸಬೇಡಿ ಅನ್ನುವುದು, ಹೆಸರು ಬರೆದು ಬೋರ್ಡಿಗೆ ಅಂಟಿಸುವುದು, ಇವು ಯಾವುದೂ ಬೇಡ. ಎಷ್ಟೇ ಸಿಟ್ಟು ಬಂದರೂ ಬೇಡ. ಆ ಮನೆಯಲ್ಲಿ ಮಕ್ಕಳು, ಕಾಯಿಲೆಯವರು ಇರುತ್ತಾರೆ. ಅವರೇನು ಮಾಡಿದ್ದಾರೆ?

ಎಲ್ಲರಿಗೂ ಒಂದೇ

1979ರಲ್ಲಿ ಫ್ಲೋರಿಡಾದ ಸುಪ್ರೀಂ ಕೋರ್ಟ್ ಮುಂದೆ ಒಂದು ಕಟ್ಟಡದ ವಿಷಯ ಬಂತು. 12 ವರ್ಷದೊಳಗಿನ ಮಕ್ಕಳು ಅಲ್ಲಿ ವಾಸ ಮಾಡಬಾರದು ಅನ್ನುವ ನಿಯಮ ಇತ್ತು. ಕೋರ್ಟ್ ಆ ಕಾಲಕ್ಕೆ ನಿಯಮವನ್ನು ತಪ್ಪು ಅನ್ನಲಿಲ್ಲ. ಆದರೂ ಅಸೋಸಿಯೇಷನ್ ಸೋತಿತು. ಯಾಕೆಂದರೆ ಅದೇ ಕಟ್ಟಡದಲ್ಲಿ ಬೇರೆ ಮನೆಗಳಲ್ಲಿ ಚಿಕ್ಕ ಮಕ್ಕಳಿದ್ದರು, ಅವರನ್ನು ಸುಮ್ನೆ ಬಿಟ್ಟು ಒಂದು ಮನೆಯವರ ಮೇಲೆ ಮಾತ್ರ ಕ್ರಮಕ್ಕೆ ಹೋಗಿದ್ದರು. 1988ರಲ್ಲಿ ಅಮೆರಿಕದ ಕೇಂದ್ರ ಕಾನೂನಿಗೆ ತಿದ್ದುಪಡಿ ಆದ ಮೇಲೆ ಹಿರಿಯರಿಗೆಂದೇ ಇರುವ ವಸತಿಗಳನ್ನು ಬಿಟ್ಟರೆ ಅಲ್ಲಿ ಅಂಥ ನಿಯಮಕ್ಕೇ ಜಾಗ ಇಲ್ಲ.

ನಿಮ್ಮಲ್ಲೂ ವರ್ಷಗಟ್ಟಲೆ ಯಾರೂ ಕೇಳದ ನಿಯಮಗಳು ಇರುತ್ತವೆ. ಕಿಟಕಿಗೆ ಗ್ರಿಲ್ ಹಾಕಬಾರದು ಅಂತ ಇದೆ, ಮೂವತ್ತು ಮನೆಯಲ್ಲಿ ಹಾಕಿದ್ದಾರೆ. ಈಗ ಮೂವತ್ತೊಂದನೆಯವರಿಗೆ ಮಾತ್ರ ನೋಟಿಸ್ ಕೊಡುವುದು ಅನ್ಯಾಯ ಅಲ್ವಾ? ನಿಯಮ ಬೇಕೇ ಬೇಕು ಅಂದರೆ ಎಲ್ಲರಿಗೂ ಒಟ್ಟಿಗೆ ಬರೆದು ತಿಳಿಸಿ: ಇಂಥ ತಾರೀಕಿನಿಂದ ಈ ನಿಯಮ ಮತ್ತೆ ಜಾರಿ, ಅದಕ್ಕೆ ಮುಂಚೆ ಹಾಕಿದ ಗ್ರಿಲ್‌ಗಳು ಹಾಗೇ ಇರಲಿ, ಕೆಟ್ಟಾಗ ಮತ್ತೆ ಹಾಕುವ ಹಾಗಿಲ್ಲ. ಹಳೆಯವುಗಳ ಫೋಟೋ ತೆಗೆದು ಪಟ್ಟಿ ಮಾಡಿ ಇಟ್ಟುಕೊಳ್ಳಿ.

ಎಲ್ಲರಿಗೂ ಒಂದೇ ಅನ್ನುವುದಕ್ಕೆ ಒಂದು ವಿನಾಯಿತಿ ಇದೆ. ಅಂಗವೈಕಲ್ಯ ಇರುವವರು ಲಿಫ್ಟಿನ ಪಕ್ಕದ ಪಾರ್ಕಿಂಗ್ ಕೇಳಿದರೆ, ಮೆಟ್ಟಿಲಿಗೆ ಇಳಿಜಾರು ಕೇಳಿದರೆ, ಅದು ವಿಶೇಷ ಸವಲತ್ತು ಅಂತ ಜಗಳ ಮಾಡಬೇಡಿ. ಉಳಿದವರ ಹಾಗೆ ಮನೆಗೆ ಬಂದು ಹೋಗಲು ಅವರಿಗೆ ಅಷ್ಟು ಬೇಕು. ಹಲವು ದೇಶಗಳಲ್ಲಿ ಕಾನೂನೂ ಇದನ್ನೇ ಹೇಳುತ್ತದೆ.

ಕಮಿಟಿಯವರ ಮೇಲೆಯೇ ದೂರು ಬಂದರೆ ಅವರು ಆ ದಿನ ಕೋಣೆಯಿಂದ ಹೊರಗೆ ಇರಲಿ. ಹೊರಗಿದ್ದರು ಅಂತ ನಡಾವಳಿಯಲ್ಲಿ ಬರೆಯಿರಿ. ನಮ್ಮಲ್ಲಿ ಖಜಾಂಚಿಯೇ ಅತಿಥಿಗಳ ಪಾರ್ಕಿಂಗ್‌ನಲ್ಲಿ ತಮ್ಮ ಎರಡನೇ ಕಾರು ನಿಲ್ಲಿಸುತ್ತಿದ್ದರು. ಎಲ್ಲರಿಗೂ ಕಳಿಸುವ ಪತ್ರವನ್ನೇ ಅವರಿಗೂ ಕಳಿಸಿದೆವು. ಅವರಿಗೆ ಬೇಜಾರಾಯಿತು, ಕಾರು ತೆಗೆದರು. ಆ ತಿಂಗಳು ಇನ್ನೂ ನಾಲ್ಕು ಕಾರು ಯಾರೂ ಹೇಳದೆಯೇ ಜಾಗ ಖಾಲಿ ಮಾಡಿದವು.

ಮಧ್ಯಸ್ಥರನ್ನು ಕೂರಿಸುವುದು

ಪತ್ರ, ಸಭೆ ಎರಡೂ ಆಯಿತು, ಆದರೂ ಮುಗಿಯಲಿಲ್ಲ ಅಂದರೆ ಕೋರ್ಟಿಗೆ ಮುಂಚೆ ಮಧ್ಯಸ್ಥರು. ಇಬ್ಬರೂ ನಂಬುವ, ಇಬ್ಬರಿಗೂ ನೆಂಟರಲ್ಲದ ಒಬ್ಬರು ಸಾಕು. ತರಬೇತಿ ಇದ್ದವರು ಸಿಕ್ಕರೆ ಇನ್ನೂ ಒಳ್ಳೆಯದು. ಯಾರ ಮನೆಯಲ್ಲೂ ಬೇಡ, ಬೇರೆ ಕೋಣೆಯಲ್ಲಿ ಕೂರಿಸಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು, ಆಮೇಲೆ ಕೇಳಿಸಿಕೊಂಡಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಇದನ್ನು ಬಿಡದೆ ಮಾಡಿಸಿ, ಅರ್ಧ ಜಗಳ ಇಲ್ಲೇ ಕರಗುವುದನ್ನು ನಾನು ನೋಡಿದ್ದೇನೆ. ಕೊನೆಯಲ್ಲಿ ಒಪ್ಪಿದ್ದನ್ನು ಬರೆಯಿರಿ. "ಹೊಂದಿಕೊಂಡು ಹೋಗುತ್ತೇವೆ" ಅಂತ ಬರೆದರೆ ಎರಡೇ ವಾರ. "ತಬಲಾ ಅಭ್ಯಾಸ ಸಂಜೆ 5ರಿಂದ 7, ಭಾನುವಾರ ಇಲ್ಲ, ಪರೀಕ್ಷೆ ಇದ್ದಾಗ ಮುಂಚೆಯೇ ಹೇಳುತ್ತೇವೆ, ಎರಡು ತಿಂಗಳ ಮೇಲೆ ಮತ್ತೆ ಕೂತು ನೋಡುತ್ತೇವೆ" ಅಂತ ಬರೆದರೆ ಇಬ್ಬರಿಗೂ ಹಿಡಿದುಕೊಳ್ಳಲು ಏನೋ ಇರುತ್ತದೆ.

ಕೆಲವು ಕಡೆ ಇದಕ್ಕೆಂದೇ ಸರ್ಕಾರಿ ವ್ಯವಸ್ಥೆ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2016ರಿಂದ ಇಂಥ ಜಗಳಗಳನ್ನು ಆನ್‌ಲೈನ್ ನ್ಯಾಯಮಂಡಳಿಯೊಂದು ನೋಡುತ್ತಿದೆ. ಒಂಟಾರಿಯೊದಲ್ಲಿ 2017ರಲ್ಲಿ ಶುರುವಾದ ಮಂಡಳಿ ಮೊದಲು ಇಬ್ಬರಿಗೇ ಮಾತಾಡಿಕೊಳ್ಳಲು ಬಿಡುತ್ತದೆ, ಆಗದಿದ್ದರೆ ಮಧ್ಯಸ್ಥರು, ಆಗಲೂ ಆಗದಿದ್ದರೆ ತೀರ್ಪು. ಅಸೋಸಿಯೇಷನ್ ದಾಖಲೆ ತೋರಿಸುತ್ತಿಲ್ಲ ಅನ್ನುವ ಜಗಳಗಳನ್ನಷ್ಟೇ ಅದು ಮೊದಲು ನೋಡುತ್ತಿತ್ತು, ಆಮೇಲೆ ಸಾಕುಪ್ರಾಣಿ, ಪಾರ್ಕಿಂಗ್, 2022ರಿಂದ ಶಬ್ದ, ಹೊಗೆ, ವಾಸನೆಯೂ ಸೇರಿವೆ. ನಿಮ್ಮ ಕಡೆ ಏನಿದೆ ಅಂತ ಜಗಳ ಶುರುವಾಗುವ ಮುಂಚೆಯೇ ವಿಚಾರಿಸಿ ಇಟ್ಟುಕೊಳ್ಳಿ.

ಕಮಿಟಿಯೇ ತಪ್ಪು ಮಾಡಿದರೆ

ಮನೆ ಮಾಲೀಕರಾಗಿ ನಿಮಗೆ ದಾರಿ ಇದೆ. ಯಾವ ನಿಯಮದ ಕೆಳಗೆ ಈ ಕ್ರಮ, ಯಾವ ಸಭೆಯಲ್ಲಿ ತೀರ್ಮಾನ ಆಯಿತು, ನಡಾವಳಿಯ ಪ್ರತಿ ಕೊಡಿ ಅಂತ ಬರೆದು ಕೇಳಿ. ಬೈಲಾದಲ್ಲಿ ಇಷ್ಟು ಜನ ಸಹಿ ಮಾಡಿದರೆ ವಿಶೇಷ ಸಭೆ ಕರೆಯಲೇಬೇಕು ಅಂತ ಇರುತ್ತದೆ, ಆ ಲೆಕ್ಕ ನೋಡಿ ಸಹಿ ಕೂಡಿಸಿ. ಮುಂದಿನ ಚುನಾವಣೆಗೆ ನಿಲ್ಲಿ, ಬರೀ ದೂರು ಹೇಳುತ್ತಾ ಕೂರುವುದಕ್ಕಿಂತ ಅದು ಎಷ್ಟೋ ಮೇಲು.

ಮೇಂಟೆನೆನ್ಸ್ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ. ಸಿಟ್ಟಿನಲ್ಲಿ ಮೊದಲು ಹೊಳೆಯುವುದೇ ಅದು. ಆದರೆ ಆ ಹಣದಲ್ಲೇ ಲಿಫ್ಟ್ ಓಡುವುದು, ಕಾವಲುಗಾರರಿಗೆ ಸಂಬಳ ಆಗುವುದು. ಬಾಕಿ ಉಳಿಸಿಕೊಂಡವರು ಮತ ಹಾಕುವ ಹಕ್ಕನ್ನೇ ಕಳೆದುಕೊಳ್ಳುವ ಬೈಲಾಗಳೂ ಇವೆ, ಆಗ ಸರಿ ಇದ್ದ ನೀವೇ ಸುಸ್ತಿದಾರರಾಗಿ ನಿಲ್ಲುತ್ತೀರಿ. ಆಕ್ಷೇಪ ಇಟ್ಟುಕೊಂಡು ಕಟ್ಟುತ್ತಿದ್ದೇನೆ ಅಂತ ಬರೆದು, ಕಟ್ಟಿ, ಜಗಳ ಮುಂದುವರಿಸಿ.

ಮುಗಿದ ಮೇಲೆ

ವಿಷಯ ಮುಗಿದಾಗ ಇಬ್ಬರಿಗೂ ಎರಡು ಸಾಲು ಬರೆದು ಕಳಿಸಿ: ಈ ದೂರು ಇಂಥ ತಾರೀಕಿಗೆ ಮುಗಿದಿದೆ, ಕಮಿಟಿ ಇದನ್ನು ಮತ್ತೆ ಎತ್ತುವುದಿಲ್ಲ. ಪತ್ರ, ಫೋಟೋ, ನಡಾವಳಿ ಎಲ್ಲ ಒಂದು ಕಡತದಲ್ಲಿ ಸೇರಿಸಿ, ಹೊಸ ಕಮಿಟಿ ಬಂದ ದಿನ ಅವರ ಕೈಗೆ ಕೊಡಿ. ಪೈಪಿನ ಪ್ರಕರಣದಲ್ಲಿ ನಾವು ಮೇಲಿನ ಮನೆಯವರಿಗೆ ಕೊನೆಗೆ ಬರೆದ ಪತ್ರ ಹೀಗಿತ್ತು: "ವಿಚಾರಿಸದೆ ನಿಮಗೆ ನೋಟಿಸ್ ಕಳಿಸಿದ್ದು ನಮ್ಮ ತಪ್ಪು. ಅದನ್ನು ವಾಪಸ್ ಪಡೆದಿದ್ದೇವೆ. ಕ್ಷಮೆ ಇರಲಿ." ಅದರ ಒಂದು ಪ್ರತಿ ಕೆಳಗಿನ ಮನೆಗೂ ಹೋಯಿತು, ಆ ಮನೆಯವರು ಅವತ್ತೇ ಸಂಜೆ ಮೆಟ್ಟಿಲು ಹತ್ತಿ ಮೇಲೆ ಹೋದರು.